ಹೂವಿನ ಗಂಟಿನಲ್ಲಿ ಬಂದ ಗುಳಿಗೆ

ನಾನು ಮೂವತ್ತೆರಡು ವರ್ಷ ಕರೆಂಟಿನ ಮೀಟರ್ ಓದಿದವನು. ಕೂಡ್ಲಿಗಿಯಲ್ಲಿ ಶುರು ಮಾಡಿ, ಹಗರಿಬೊಮ್ಮನಹಳ್ಳಿಯಲ್ಲಿ ಏಗಿ, ಕೊಟ್ಟೂರಿನಲ್ಲಿ ನಿವೃತ್ತನಾದೆ. ಇಷ್ಟು ವರ್ಷದಲ್ಲಿ ಮೂರು ಸಲ ನಾಯಿ ಕಡಿಸಿಕೊಂಡೆ, ಬೈಸಿಕೊಂಡಿದ್ದಂತೂ ದಿನದ ಊಟದ ಹಾಗೆ. ಆದರೆ ಅಂಕಿ ತಪ್ಪು ಬರೆದೆ ಎಂದು ಮೇಲಿನವರಿಂದ ಒಂದು ಮೆಮೊ ಕೂಡ ಬರಲಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ಜಂಭಕ್ಕೆ. ಮುಂದೆ ಹೇಳುವುದರಲ್ಲಿ ಜಂಭ ಪಡುವಂಥದ್ದು ಹೆಚ್ಚೇನೂ ಇಲ್ಲ, ಅವಕಾಶ ಇದ್ದಾಗಲೇ ಮುಗಿಸಿಬಿಡುತ್ತೇನೆ.

ನನ್ನ ಬೀಗರು, ಅಂದರೆ ಮಗನ ಹೆಂಡತಿಯ ತಂದೆ, ಹೂವಿನಹಡಗಲಿಯವರು. ಮಲ್ಲಿಗೆ ವ್ಯಾಪಾರ ಅವರದು. ಬೆಳಗಾಗುತ್ತಲೇ ತೋಟದವರಿಂದ ಮೊಗ್ಗು ಕೊಂಡು, ಬಾಳೆಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಕಟ್ಟಿ, ಬಸ್ಸುಗಳಿಗೆ ಹಾಕಿ ಊರೂರಿಗೆ ಕಳಿಸುತ್ತಾರೆ. ನನಗಿಂತ ಎರಡು ವರ್ಷ ದೊಡ್ಡವರು, ನನಗಿಂತ ಗೇಣುದ್ದ ಎತ್ತರ, ಮೀಸೆಯೋ ನನ್ನಂಥ ಇಬ್ಬರಿಗೆ ಹಂಚಬಹುದಾದಷ್ಟು. ಮನುಷ್ಯರು ಬಹಳ ಒಳ್ಳೆಯವರು. ಆದರೆ ಬೀಗರು.

ಬೀಗತನದ ಕಷ್ಟ ಬೀಗರಾದವರಿಗೇ ಗೊತ್ತು. ಅವರು ಬಡಿಸಿದ್ದನ್ನು ಬೇಡ ಅನ್ನುವ ಹಾಗಿಲ್ಲ. ಕೊಟ್ಟಿದ್ದನ್ನು ಹಿಂದಕ್ಕೆ ತಳ್ಳುವ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಮುಂದೆ ಕಾಯಿಲೆ ಹೇಳಿಕೊಳ್ಳುವ ಹಾಗಿಲ್ಲ. ತಾವು ಹೆಣ್ಣು ಕೊಟ್ಟ ಮನೆಯವರು ಗಟ್ಟಿಮುಟ್ಟಾಗಿದ್ದಾರೆ ಎಂದು ಅವರು ತಿಳಿದಿರಬೇಕು, ನಾವು ಹೆಣ್ಣು ತಂದ ಮನೆಯವರು ಗಟ್ಟಿಮುಟ್ಟಾಗಿದ್ದಾರೆ ಎಂದು ನಾವು ತಿಳಿದಿರಬೇಕು. ಮದುವೆಯಾಗಿ ನಾಲ್ಕು ವರ್ಷ ಅವರು ಸಿಕ್ಕಾಗಲೆಲ್ಲ "ಆರಾಮ?" ಅಂದರು, ನಾನು "ಆರಾಮ್ರಿ, ನೀವು?" ಅಂದೆ, ಅವರೂ "ಆರಾಮ" ಅಂದರು. ಇಬ್ಬರೂ ಶುದ್ಧ ಸುಳ್ಳು ಹೇಳುತ್ತಿದ್ದೆವು.

ಸುಳ್ಳು ಬಯಲಾಗಿದ್ದು ಚಿಗಟೇರಿಯ ದಾರಿಯಲ್ಲಿ. ಅಲ್ಲೊಂದು ನೆಂಟರ ಮನೆಯ ಗೃಹಪ್ರವೇಶ ಇತ್ತು. ನಾವಿಬ್ಬರೂ ಹರಪನಹಳ್ಳಿಯಲ್ಲಿ ಸೇರಿ ಒಂದೇ ಬಸ್ಸು ಹತ್ತಿದೆವು. ನಡುದಾರಿಯಲ್ಲಿ ಯಾವುದೋ ಲಾರಿ ಅಡ್ಡ ನಿಂತು ಬಸ್ಸು ನಿಂತಿತು. ಬೀಗರು "ಸ್ವಲ್ಪ ಗಾಳಿ ತಗೊಂಡು ಬರ್ತೀನಿ" ಎಂದು ಇಳಿದರು. ನನಗೂ ಗಾಳಿ ಬೇಕಾಗಿತ್ತು, ನಾನೂ ಇಳಿದೆ. ಅವರು ಒಂದು ಬೇವಿನ ಮರದ ಈ ಕಡೆ ನಿಂತರು, ನಾನು ಮರ್ಯಾದೆಯಿಂದ ಆ ಕಡೆ ನಿಂತೆ. ಲಾರಿ ಸರಿಯಿತು. ಡ್ರೈವರ್ ಹಾರ್ನ್ ಹೊಡೆದ. ಇಳಿದಿದ್ದ ಉಳಿದವರೆಲ್ಲ ಬಸ್ಸು ಹತ್ತಿ ಕೂತರು. ಮರದ ಈ ಕಡೆಯೂ ಯಾರೂ ಅಲುಗಾಡಲಿಲ್ಲ, ಆ ಕಡೆಯೂ ಅಲುಗಾಡಲಿಲ್ಲ.

"ಯಜಮಾನ್ರ, ಬರ್ರಿ, ಬಸ್ಸು ಬಿಡ್ತೀವಿ" ಎಂದು ಕಂಡಕ್ಟರ್ ಕೂಗಿದ.

ಮರದ ಆಚೆಯಿಂದ ಬೀಗರ ದನಿ ಬಂತು, ಸಣ್ಣಗೆ. "ಬೀಗರ, ನಿಮ್ದು ಆತೇನು?"

"ಇನ್ನೂ ಶುರು ಆಗಿಲ್ರಿ" ಅಂದೆ.

ಆಮೇಲೆ ಮರದ ಹಿಂದೆ ನಗು ಕೇಳಿಸಿತು. ನನಗೂ ನಗು ತಡೆಯಲಾಗಲಿಲ್ಲ. ನಗುತ್ತಿದ್ದವರಿಗೆ ಆಗುವ ಕೆಲಸ ಅಲ್ಲ ಅದು, ಆದ್ದರಿಂದ ಇನ್ನೂ ತಡವಾಯಿತು. ಇಡೀ ಬಸ್ಸು ಕಿಟಕಿಯಲ್ಲಿ ಕೂತು ನಮ್ಮಿಬ್ಬರ ಬೆನ್ನು ನೋಡುತ್ತಿತ್ತು.

ಬಸ್ಸಿನಲ್ಲಿ ಅವರು ನನ್ನ ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದರು. ದೂರದ ಊರಿನ ದೊಡ್ಡ ಡಾಕ್ಟರಿಗೆ ತೋರಿಸಿದ್ದಾರಂತೆ. ಗಂಡಸರಿಗೆ ವಯಸ್ಸಾದ ಮೇಲೆ ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ದಾರಿ ಒತ್ತುತ್ತದೆ, ಅದಕ್ಕೆ ಹೀಗೆ ಆಗುತ್ತದೆ ಎಂದರಂತೆ. ಆ ಗ್ರಂಥಿ ರಕ್ತಕ್ಕೆ ಬಿಡುವ ಏನನ್ನೋ ಅಳೆಯುವ ಪಿಎಸ್ಎ ಎಂಬ ಪರೀಕ್ಷೆ ಇದೆ, ಅದು ಹೆಚ್ಚಿದ್ದರೆ ಕ್ಯಾನ್ಸರ್ ಇದೆಯೋ ಏನೋ ಎಂದು ನೋಡಬೇಕಾಗುತ್ತದೆ, ತಮ್ಮದು ಏಳು ಬಂದಿದೆ, ಗುಳಿಗೆ ಬರೆದಿದ್ದಾರೆ, ತಾವು ಎರಡು ತಿಂಗಳಿಂದ ನುಂಗುತ್ತಿದ್ದು, ಈಗಷ್ಟೇ ಸ್ವಲ್ಪ ವಾಸಿ ಅನ್ನಿಸುತ್ತಿದೆ ಎಂದರು. ಅಷ್ಟು ಹೇಳಿ ಅಂಗಿಯ ಜೇಬಿನಿಂದ ಒಂದು ಗುಳಿಗೆಯ ಸ್ಟ್ರಿಪ್ ತೆಗೆದು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು. ತಾಂಬೂಲ ಕೊಟ್ಟ ಹಾಗೆ ಕೊಟ್ಟರು.

"ದಿನಾ ಒಂದು. ಯಾರಿಗೂ ಹೇಳಂಗಿಲ್ಲ. ಅದ್ರಾಗೂ ನನ್ನ ಮಗಳಿಗಿ ಗೊತ್ತಾಗಂಗಿಲ್ಲ. ಆಕಿ ಕಿವಿಗಿ ಬಿತ್ತಂದ್ರ ನಮ್ಮ ಬೀಗತನ ಅಲ್ಲಿಗೆ ಮುಗೀತು ಅಂತ ತಿಳ್ಕೋರಿ."

ಮಗಳಿಗೆ ಯಾಕೆ ಗೊತ್ತಾಗಬಾರದು ಎಂದರೆ, ನನ್ನ ಸೊಸೆ ಹಗರಿಬೊಮ್ಮನಹಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಕೊಟ್ಟೂರಿನ ನಮ್ಮ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಹುಡುಗಿ ಬಹಳ ಚುರುಕು, ಬಾಯಿಯೂ ಚುರುಕು. ಅಪ್ಪನಿಗೆ ಹೀಗಿದೆ ಎಂದು ಗೊತ್ತಾದರೆ ಎಳೆದುಕೊಂಡು ಹೋಗಿ ಎಲ್ಲ ಪರೀಕ್ಷೆ ಮಾಡಿಸುತ್ತಾಳೆ. ಬೀಗರಿಗೆ ಆ ಎಲ್ಲದರಲ್ಲಿ ಒಂದು ಪರೀಕ್ಷೆಯ ಭಯ. ಡಾಕ್ಟರು ಕೈಗವಸು ಹಾಕಿಕೊಂಡು ಹಿಂದಿನಿಂದ ಬೆರಳಿಟ್ಟು ನೋಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಅದನ್ನು ಹೇಳುವಾಗ ಅವರ ಮೀಸೆಯೇ ಸಣ್ಣದಾದ ಹಾಗೆ ಕಂಡಿತು. ನಾನು ಮಾತು ಕೊಟ್ಟೆ.

ಆವತ್ತಿನಿಂದ ನಮ್ಮ ಮನೆಗೆ ವಾರಕ್ಕೆ ಎರಡು ಸಲ ಮಲ್ಲಿಗೆ ಬರತೊಡಗಿತು. ಹಡಗಲಿಯ ಬೆಳಗಿನ ಬಸ್ಸಿನಲ್ಲಿ ಡ್ರೈವರನ ಪಕ್ಕ ನಮ್ಮ ಹೆಸರಿನ ಗಂಟು ಇರುತ್ತಿತ್ತು. ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದೆ. ಒದ್ದೆ ಬಟ್ಟೆ, ಅದರೊಳಗೆ ಎಲೆ, ಎಲೆಯೊಳಗೆ ಮೊಗ್ಗು, ಎಲೆಯ ಕೆಳಪದರಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುಳಿಗೆ. ಅಂಗಡಿಯವನಿಗೆ ಡಾಕ್ಟರು ಬರೆದ ಹಳೆಯ ಚೀಟಿ ತೋರಿಸಿ ಬೀಗರು ಇಬ್ಬರಿಗೂ ಸಾಕಾಗುವಷ್ಟು ಕೊಳ್ಳುತ್ತಿದ್ದರು. ಬಸ್‌ಸ್ಟ್ಯಾಂಡಿನ ಮಂಡಕ್ಕಿ ಅಂಗಡಿಯ ಬೆಂಚಿನಲ್ಲಿ ಕೂತು ಗುಳಿಗೆ ತೆಗೆದು ಕಿಸೆಗೆ ಹಾಕಿಕೊಂಡು, ಗಂಟು ಮತ್ತೆ ಮೊದಲಿನ ಹಾಗೆ ಕಟ್ಟಿ ಮನೆಗೆ ಒಯ್ಯುತ್ತಿದ್ದೆ. ನನ್ನ ಹೆಂಡತಿ ಹೂ ಮುಡಿದು ಕನ್ನಡಿ ಮುಂದೆ ನಿಂತು, "ಬೀಗರು ಅಂದ್ರ ಹಿಂಗಿರಬೇಕು ನೋಡ್ರಿ. ನೀವು ಒಂದಿನ ಅವ್ರಿಗಿ ಒಂದು ಸೌತಿಕಾಯಿ ಕಳಿಸೀರೇನು?" ಎಂದು ನನ್ನನ್ನು ಬೈಯುತ್ತಿದ್ದಳು. ನಾನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದೆ. ಅಭ್ಯಾಸ ಇತ್ತಲ್ಲ.

ನಾಲ್ಕಾರು ತಿಂಗಳಲ್ಲಿ ನನಗೂ ಆರಾಮವಾಯಿತು. ಬಸ್ಸು ಹತ್ತುವ ಮೊದಲು ಊರಿನಲ್ಲಿ ಎಲ್ಲೆಲ್ಲಿ ಮರೆ ಇದೆ ಎಂದು ಲೆಕ್ಕ ಹಾಕುವುದು ಬಿಟ್ಟೆ. ವರ್ಷ ಕಳೆಯಿತು. ಒಂದು ಭಾನುವಾರ ಸೊಸೆ ಮನೆಯಲ್ಲೇ ನನ್ನ ಮತ್ತು ತನ್ನ ಅತ್ತೆಯ ರಕ್ತ ತೆಗೆದಳು. ಅರವತ್ತು ದಾಟಿದವರಿಗೆ ಎಲ್ಲ ಪರೀಕ್ಷೆ ಒಟ್ಟಿಗೆ ಮಾಡಿಸಬೇಕಂತೆ. ತೋಳಿಗೆ ಪಟ್ಟಿ ಬಿಗಿಯುತ್ತ, "ಮಾವಾರ, ನಿಮಗ ಪಿಎಸ್ಎನೂ ಬರ್ದೀನಿ. ನಾಚಿಕೋಬ್ಯಾಡ್ರಿ, ರಕ್ತಕ್ಕೇನು ನಾಚಿಕಿ ಇರಂಗಿಲ್ಲ" ಅಂದಳು. ಆಮೇಲೆ ಪೆನ್ನು ಹಿಡಿದು ಕೇಳಿದಳು, "ದಿನಾ ಏನೇನು ಗುಳಿಗಿ ತಗೋತೀರಿ?"

"ಬಿಪಿದು ಒಂದು" ಅಂದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಔಷಧಿ ಅಂದರೆ ಡಾಕ್ಟರು ಬರೆದಿದ್ದು, ನಾನು ಅಂಗಡಿಯಲ್ಲಿ ಕೊಂಡಿದ್ದು. ಬೀಗರು ಹೂವಿನ ಜೊತೆ ಕಳಿಸಿದ್ದು ಬೀಗತನ. ಅದನ್ನು ಯಾರಾದರೂ ಲ್ಯಾಬಿನ ಚೀಟಿಯಲ್ಲಿ ಬರೆಸುತ್ತಾರೆಯೇ? ಬರೆಸಿದ್ದರೆ ಮಾತು ತಪ್ಪಿದ ಹಾಗೂ ಆಗುತ್ತಿತ್ತು. ಹೀಗೆ ನನ್ನ ತಲೆಯಲ್ಲಿ ಎಲ್ಲ ಸರಿಯಾಗಿಯೇ ಕೂತಿತ್ತು.

ಮರುದಿನ ವರದಿ ಬಂತು. ನನ್ನ ಪಿಎಸ್ಎ ಒಂದೂವರೆ ದಾಟಿ ಒಂದು ಚೂರು. "ಭಾಳ ಚೊಲೋ ಐತಿ ಮಾವಾರ" ಅಂದಳು ಸೊಸೆ. ನಾನು ಎಸೆಸೆಲ್ಸಿ ಪಾಸಾದಾಗಲೂ ಅಷ್ಟು ಹಿಗ್ಗಿರಲಿಲ್ಲ. ಹಿತ್ತಲಿಗೆ ಹೋಗಿ ಬೀಗರಿಗೆ ಫೋನ್ ಮಾಡಿ ನಂಬರ್ ಹೇಳಿದೆ. ಅವರು ತಮ್ಮದನ್ನೂ ಹೇಳಿದರು. ಡಾಕ್ಟರ ಹತ್ತಿರ ಹೋಗದೆ, ಹರಪನಹಳ್ಳಿಯಲ್ಲಿ ತಾವೇ ರಕ್ತ ಕೊಟ್ಟು ನೋಡಿಸಿದ್ದರಂತೆ, ಹೋದ ತಿಂಗಳು. "ಏಳು ಇದ್ದದ್ದು ಆರಕ್ಕ ಬಂದೈತಿ ಬೀಗರ. ಗುಳಿಗಿ ಕೆಲಸ ಮಾಡಾಕತ್ತೈತಿ." ನಾನು ನನ್ನದು ಒಂದೂವರೆ ಎಂದು ಇನ್ನೊಂದು ಸಲ ನೆನಪಿಸಿದೆ. ಅವರು "ನಿಮ್ದು ಸಣ್ಣ ಮಷಿನ್ನು, ನಮ್ದು ದೊಡ್ಡದು" ಅಂದರು. ಇಬ್ಬರೂ ನಕ್ಕೆವು.

ನಗು ಹದಿನೈದು ದಿನ ಬಾಳಿತು. ಒಂದು ಸಂಜೆ ಸೊಸೆ ಕೆಲಸದಿಂದ ಬಂದು ಚಹಾ ಕುಡಿಯುತ್ತ ಆವತ್ತಿನ ಸಂಗತಿ ಹೇಳುತ್ತಿದ್ದಳು. ಯಾರೋ ಒಬ್ಬರು ವರದಿ ತೆಗೆದುಕೊಂಡು, ಪಿಎಸ್ಎ ನಂಬರ್ ಕಡಿಮೆ ಇದೆ ಎಂದು ಖುಷಿಯಿಂದ ಹೊರಟಿದ್ದರಂತೆ. ಬಾಗಿಲಲ್ಲಿ ನಿಂತು ತಮ್ಮ ಮಗನಿಗೆ ಫೋನಿನಲ್ಲಿ ಗುಳಿಗೆಯ ಹೆಸರು ಹೇಳಿದ್ದು ಇವಳ ಕಿವಿಗೆ ಬಿದ್ದು ಹಿಂದಕ್ಕೆ ಕರೆದಳಂತೆ.

"ಯಾಕ?" ಅಂದೆ. ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಪ್ರಾಸ್ಟೇಟ್ ತ್ರಾಸಿಗೆ ಕೊಡೋ ಗುಳಿಗ್ಯಾಗ ಎರಡು ನಮೂನಿ ಅದಾವ್ರಿ ಮಾವಾರ. ಒಂದು ಬರೇ ದಾರಿ ಸಡ್ಲ ಮಾಡ್ತೈತಿ, ಅದು ಪಿಎಸ್ಎಗೆ ಏನೂ ಮಾಡಂಗಿಲ್ಲ. ಇನ್ನೊಂದು ಗ್ರಂಥಿನ ಸಣ್ಣ ಮಾಡ್ತೈತಿ. ಫಿನಾಸ್ಟರೈಡ್, ಡುಟಾಸ್ಟರೈಡ್ ಅಂತಾರ. ಅದನ್ನ ಆರು ತಿಂಗಳು, ವರ್ಷ ತಗೊಂಡ್ರ ರಕ್ತದಾಗಿನ ನಂಬರು ಹೆಚ್ಚುಕಮ್ಮಿ ಅರ್ಧ ಆಗ್ತೈತಿ. ಒಳಗ ಕ್ಯಾನ್ಸರ್ ಇದ್ರೂ ನಂಬರು ಸಣ್ಣದು ಕಾಣಬೌದು. ಅದಕ್ಕ ಡಾಕ್ಟ್ರು ಬಂದ ನಂಬರನ್ನ ಎರಡರಿಂದ ಗುಣಿಸಿ ನೋಡ್ತಾರ. ಗುಳಿಗಿ ಸಂಗತಿ ಹೇಳ್ದಿದ್ರ ಅವರಿಗೆ ಹೆಂಗ ಗೊತ್ತಾಗಬೇಕು?"

ಫಿನಾಸ್ಟರೈಡ್ ಎಂದೇ ನನ್ನ ಕಿಸೆಯಲ್ಲಿದ್ದ ಗುಳಿಗೆಯ ಮೇಲೂ ಬರೆದಿತ್ತು. ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಇದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಮನೆಯ ಮೀಟರಿನಲ್ಲಿ ಎಷ್ಟು ಕಾಣುತ್ತದೆಯೋ ಅಷ್ಟೇ ಯೂನಿಟ್ಟು. ಆದರೆ ಶೇಂಗಾ ಎಣ್ಣೆ ಮಿಲ್ಲು, ಅಕ್ಕಿ ಗಿರಣಿಗಳಲ್ಲಿ ಹಾಗಲ್ಲ. ಅಲ್ಲಿ ಮೀಟರಿನೊಳಗೆ ಪೂರ್ತಿ ಕರೆಂಟು ಹರಿಯುವುದಿಲ್ಲ, ಅದರ ಒಂದು ಸಣ್ಣ ಪಾಲು ಮಾತ್ರ ಹರಿಯುತ್ತದೆ. ಮೀಟರಿನ ಹಣೆಯ ಮೇಲೆ ಸ್ಥಿರಾಂಕ ಎಂದು ಒಂದು ಅಂಕಿ ಬರೆದಿರುತ್ತಾರೆ. ಓದಿದ್ದನ್ನು ಅದರಿಂದ ಗುಣಿಸಿದರೇ ನಿಜವಾದ ಲೆಕ್ಕ. ಹೊಸದಾಗಿ ಕೆಲಸಕ್ಕೆ ಬಂದವರು ಗುಣಿಸುವುದು ಮರೆತು ಮಿಲ್ಲಿಗೆ ಗುಡಿಸಲಿನ ಬಿಲ್ಲು ಬರೆದಾಗ ನಾನು ಅವರನ್ನು ಎಷ್ಟು ಅಂದು ಆಡಿದ್ದೇನೆ, ಅವರಿಗೇ ಗೊತ್ತು. ಈಗ ನನ್ನ ಸ್ವಂತ ಮೀಟರಿನ ಹಣೆ ನಾನು ನೋಡಿರಲಿಲ್ಲ.

ನನ್ನದು ಗುಣಿಸಿದೆ. ಮೂರರ ಮೇಲೆ ಸ್ವಲ್ಪ. ಗಾಬರಿಯಾಗುವಷ್ಟಲ್ಲ. ಆಮೇಲೆ ಬೀಗರದು ನೆನಪಾಯಿತು.

"ಅವ್ವಾ," ಅಂದೆ ಸೊಸೆಗೆ, "ಒಬ್ಬರಿಗೆ ಮೊದಲು ಏಳು ಇತ್ತಂತ. ವರ್ಷ ಆ ಗುಳಿಗಿ ತಗೊಂಡ ಮ್ಯಾಲ ಆರು ಆಗೈತಂತ. ಚೊಲೋ ಅಲ್ಲೇನು?"

"ಎಲ್ಲಿ ಚೊಲೋ? ಮೂರೂವರಿ ಹತ್ರ ಬರಬೇಕಿತ್ತು. ಅದು ಇಳಿದಿಲ್ಲ ಮಾವಾರ, ಏರೈತಿ. ಗುಳಿಗಿ ಬಿಟ್ಟು ನೋಡಿದ್ರ ಹನ್ನೆರಡು ಇದ್ದಂಗ. ಕ್ಯಾನ್ಸರ್ರ ಅಂತ ಹೇಳಾಕ ಬರಂಗಿಲ್ಲ, ಆದ್ರ ತಡ ಮಾಡಬಾರ್ದು. ಯಾರ್ರಿ ಅವರು?"

"ನಮ್ಮ ಹಳೇ ಎಣ್ಣಿ ಮಿಲ್ಲಿನ ಸಾಹುಕಾರ್ರು" ಅಂದೆ. ಮಿಲ್ಲು ತಲೆಯಲ್ಲಿ ಓಡುತ್ತಿತ್ತು, ಅದೇ ಬಾಯಿಗೆ ಬಂತು.

"ನಾಳಿನ ಹೋಗಾಕ ಹೇಳ್ರಿ ಅವರಿಗೆ" ಎಂದು ಒಳಗೆ ಹೋದಳು. ಅವಳ ಅಪ್ಪನ ಬಗ್ಗೆಯೇ ಅವಳು ಹೇಳುತ್ತಿದ್ದಳು. ನನಗೆ ಅವಳ ಬೆನ್ನು ನೋಡಲು ಆಗಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹಡಗಲಿಗೆ ಹೋದೆ. ಬೀಗರು ಹೂವಿನ ರಾಶಿಯ ನಡುವೆ ಕೂತು ಎಲೆ ಸುತ್ತುತ್ತಿದ್ದರು. ನನ್ನನ್ನು ನೋಡಿ ಸಂತೋಷಪಟ್ಟು, ಇಡ್ಲಿ ತರಿಸಿ, ಅದರ ಮೇಲೆ ವಡೆ ತರಿಸಿ, ಅದರ ಮೇಲೆ ಒಂದು ಮಸಾಲೆ ದೋಸೆ ತರಿಸಿದರು. ಬೇಡ ಎನ್ನುವ ಹಾಗಿಲ್ಲ. ಎಲ್ಲ ತಿಂದು ಕೈ ತೊಳೆದು ಅವರನ್ನು ಪಕ್ಕಕ್ಕೆ ಕರೆದು ಮಿಲ್ಲಿನ ಮೀಟರಿನ ಲೆಕ್ಕ ಬಿಡಿಸಿ ಹೇಳಿದೆ. ಸ್ಥಿರಾಂಕ ಅಂದರೇನು, ಆರು ಅಂದರೆ ಹನ್ನೆರಡು ಹೇಗೆ, ಎಲ್ಲ. ನನ್ನ ನೌಕರಿಯಲ್ಲಿ ಯಾರಿಗೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅವರು ಮೀಸೆಯ ಒಂದು ತುದಿ ಹಿಡಿದು ಕೇಳಿದರು. ಕೊನೆಗೆ, "ಬೀಗರ, ನಿಮ್ಮ ಮೀಟರ್ ತಂದು ನನ್ನ ಹೊಟ್ಟಿಗೆ ಹಚ್ಚಬ್ಯಾಡ್ರಿ. ಏಳು ದೊಡ್ಡದೋ ಆರು ದೊಡ್ಡದೋ?" ಅಂದರು.

"ಏಳು ದೊಡ್ಡದ್ರಿ. ಆದ್ರ–"

"ಮುಗೀತಲ್ಲ. ಈಗ ಮದುವಿ ಸೀಜನ್ನು. ಹೂವಿಗೆ ಉಸಿರಾಡಾಕ ಬಿಡವಲ್ಲರು. ಮುಗದ ಮ್ಯಾಲ ನೋಡೋಣು."

"ಆಮ್ಯಾಲ ಶ್ರಾವಣ ಬರ್ತೈತಿ."

"ಶ್ರಾವಣದಾಗ ಹೂವಿನ ಅಂಗಡಿ ಯಾರಾದ್ರೂ ಬಿಟ್ಟು ಹೊಕ್ಕಾರೇನ್ರಿ?"

"ಆಮ್ಯಾಲ ದಸರಾ."

"ನೀವ ಹೇಳಾಕತ್ತೀರಿ ನೋಡ್ರಿ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ದನಿ ತಗ್ಗಿಸಿದರು. "ನೀವು ಮಾತು ಕೊಟ್ಟೀರಿ. ಮರಿಬ್ಯಾಡ್ರಿ." ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಬಸ್ಸಿನವರೆಗೆ ಬಂದು, ಕಿಟಕಿ ಪಕ್ಕದ ಸೀಟು ಹಿಡಿದು ಕೂರಿಸಿ ಹೋದರು. ಇಷ್ಟು ಮರ್ಯಾದೆ ಮಾಡಿ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ಮೂರು ದಿನ ನಾನು ಯಾವುದಕ್ಕೂ ಬೇಡವಾಗಿ ತಿರುಗಿದೆ. ಮಾತು ಮುರಿದರೆ ಬೀಗತನ ಹೋಗುತ್ತದೆ. ಬರೀ ನನ್ನ ಬೀಗತನ ಅಲ್ಲ, ಸೊಸೆಗೂ ತವರಿಗೂ ನಡುವೆ ನಾನು ಕಲ್ಲು ಹಾಕಿದ ಹಾಗೆ. ಮುರಿಯದಿದ್ದರೆ ಅವರ ಒಳಗೆ ಏನಿದೆಯೋ ಅದು ಮದುವೆ ಸೀಜನ್ನು, ಶ್ರಾವಣ ಎಂದು ಕಾಯುವುದಿಲ್ಲ. ಹೆಂಡತಿ, "ಯಾಕ ಹಿಂಗ ಮನಿ ತುಂಬ ಸುತ್ತಾಕತ್ತೀರಿ, ಏನಾರ ಕಳಕೊಂಡೀರೇನು?" ಎಂದು ಎರಡು ಸಲ ಕೇಳಿದಳು. ಇನ್ನೂ ಕಳೆದುಕೊಂಡಿರಲಿಲ್ಲ, ಕಳೆದುಕೊಳ್ಳಲು ಹೊರಟಿದ್ದೆ. ಮೂರು ದಿನ ಮೂರು ಗುಳಿಗೆಯನ್ನೂ ನುಂಗದೆ ಇಟ್ಟುಕೊಂಡೆ.

ನಾಲ್ಕನೆಯ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡಲು ಬುತ್ತಿ ಕಟ್ಟುತ್ತಿದ್ದಾಗ ಗುಳಿಗೆಯ ಸ್ಟ್ರಿಪ್ ತಂದು ಅವಳ ಡಬ್ಬಿಯ ಪಕ್ಕ ಇಟ್ಟೆ. "ಎಣ್ಣಿ ಮಿಲ್ಲಿನ ಸಾಹುಕಾರ್ರು ಅಂತ ಯಾರೂ ಇಲ್ಲವ್ವಾ" ಅಂದೆ. ಮಿಕ್ಕಿದ್ದನ್ನು ನಿಂತೇ ಹೇಳಿದೆ. ಬೇವಿನ ಮರದಿಂದ ಹಿಡಿದು ಹಡಗಲಿಯ ಮಸಾಲೆ ದೋಸೆಯವರೆಗೆ.

ಚಪಾತಿಯ ಮೇಲೆ ಪಲ್ಯ ಹಾಕುತ್ತಿದ್ದ ಚಮಚ ಹಾಗೇ ಅವಳ ಕೈಯಲ್ಲಿತ್ತು. ಬಸ್ಸಿನ ಹೊತ್ತು ಮೀರಿ ಹೋಯಿತು.

"ಎಷ್ಟು ದಿನದಿಂದ ನೀವು ತಗೋತೀರಿ?"

"ವರ್ಷದ ಮ್ಯಾಲ ಆತು."

"ನಾ ನಿಮ್ಮನ್ನ ಕೇಳಿದ್ದೆ ಮಾವಾರ. ಪೆನ್ನು ಹಿಡ್ಕೊಂಡು ಕೇಳಿದ್ದೆ." ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ದಿನಾ ಹತ್ತು ಮಂದಿಗೆ ಕೇಳ್ತೀನಿ. ನನ್ನ ಮನ್ಯಾಗ ಇಬ್ಬರು ನನಗ ಹೇಳಿಲ್ಲ. ಮ್ಯಾಲ ಹೂವಿನಾಗ ಇಟ್ಟು ಕಳಿಸ್ಯಾರ. ಒಡದ ಗುಳಿಗಿ ಬಸುರಿ ಹೆಂಗಸ್ರು ಮುಟ್ಟಬಾರ್ದು, ಹೊಟ್ಟ್ಯಾಗಿನ ಕೂಸಿಗೆ ಕೆಟ್ಟದು ಅಂತಾರ. ಆ ಹೂವ ಯಾರ್ಯಾರು ಮುಟ್ಟಿದ್ರೋ."

ನನಗೆ ನಾಚಿಕೆಯಾಯಿತು. ಮೂವತ್ತೆರಡು ವರ್ಷದಲ್ಲಿ ಬರಬೇಕಾಗಿದ್ದ ಮೆಮೊ ಎಲ್ಲ ಒಟ್ಟಿಗೆ ಬಂದ ಹಾಗಾಯಿತು. ಅವಳು ಡಬ್ಬಿಯ ಮುಚ್ಚಳ ಹಾಕಿ, ಲ್ಯಾಬಿಗೆ ರಜೆ ಎಂದು ಫೋನ್ ಮಾಡಿ, ಹಡಗಲಿಯ ಬಸ್ಸು ಹತ್ತಿದಳು.

ಅಲ್ಲಿ ಏನು ನಡೆಯಿತೋ ನಾನು ನೋಡಲಿಲ್ಲ. ಸಂಜೆ ಫೋನ್ ಮಾಡಿ ಇಷ್ಟು ಹೇಳಿದಳು. "ಅಪ್ಪ ಸಿಟ್ಟಿಗೆದ್ದಾರ. ನನ್ನ ಮ್ಯಾಲ ಅಲ್ಲ, ನಿಮ್ಮ ಮ್ಯಾಲ. ನಾಳಿ ದಾವಣಗೆರಿಗೆ ಕರ್ಕೊಂಡು ಹೊಂಟೀನಿ."

ಆ ವಾರ ಹೂ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನು ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದೆ. ಗಂಟು ಇಲ್ಲ ಎಂದು ಡ್ರೈವರ್ ತಲೆ ಅಲ್ಲಾಡಿಸುತ್ತಿದ್ದ. ಹೆಂಡತಿಗೆ ಕೊನೆಗೆ ಎಲ್ಲ ಹೇಳಿಬಿಟ್ಟೆ. ಅವಳು, "ಅಂದ್ರ ನಾ ವರ್ಷದ ಮ್ಯಾಲ ನಿಮ್ಮಿಬ್ಬರ ಔಷಧಿ ಪೊಟ್ಟಣ ಮುಡ್ಕೊಂಡು ತಿರಗೀನಿ" ಅಂದಳು. ನಗಲೂ ಇಲ್ಲ, ಬೈಯಲೂ ಇಲ್ಲ. ಆಮೇಲೆ ಎರಡು ದಿನ ನನಗೆ ಸಪ್ಪನೆ ಸಾರು ಬಿದ್ದಿತು.

ನನ್ನನ್ನೂ ಸೊಸೆ ಬಿಡಲಿಲ್ಲ. ಹರಪನಹಳ್ಳಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಕಳಿಸಿದಳು. ಬೀಗರು ಹೆದರಿದ್ದ ಪರೀಕ್ಷೆ ನನಗೂ ಆಯಿತು. ಅದು ಒಂದು ನಿಮಿಷದ ಕೆಲಸ. ಅದಕ್ಕಿಂತ ಹೆಚ್ಚು ಹೊತ್ತು ನಾನು ಪೈಜಾಮದ ಲಾಡಿಯ ಗಂಟು ಬಿಚ್ಚುತ್ತಿದ್ದೆ. ಡಾಕ್ಟರು ನನ್ನ ನಂಬರನ್ನು ಎರಡರಿಂದ ಗುಣಿಸಿ ಬರೆದುಕೊಂಡು, "ಸದ್ಯಕ್ಕೆ ನಿಮ್ದೇನೂ ಗಾಬ್ರಿ ಪಡೋ ಹಂಗಿಲ್ಲ ಬಿಡಿ. ಆರು ತಿಂಗ್ಳಿಗೊಮ್ಮೆ ನೋಡೋಣ. ಎಲ್ಲಿ ರಕ್ತ ಕೊಟ್ರೂ ಈ ಗುಳಿಗೆ ಹೆಸ್ರು ಹೇಳ್ಬೇಕು. ಮತ್ತೆ ಬೇರೇರ ಗುಳಿಗೆ ನುಂಗೋದು ಬಿಡ್ರಿ ಯಜಮಾನ್ರೇ" ಅಂದರು. ನನ್ನ ಹೆಸರಿಗೇ ಚೀಟಿ ಬರೆದು ಕೊಟ್ಟರು. ಆ ದಿನದಿಂದ ಗುಳಿಗೆ ಔಷಧಿಯಾಯಿತು.

ದಾವಣಗೆರೆಯಲ್ಲಿ ಬೀಗರಿಗೆ ಸ್ಕ್ಯಾನ್ ಆಯಿತು, ಆಮೇಲೆ ಗ್ರಂಥಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಸೊಸೆ ನನ್ನನ್ನೂ ಬರಲು ಹೇಳಿದಳು. "ನಿಮ್ಮಪ್ಪ ನನ್ನನ್ನ ಕರಿ ಅಂದಾರೇನು?" ಎಂದು ಕೇಳಿದೆ. "ಇಲ್ಲ. ನಾ ಕರಿಯಾಕತ್ತೀನಿ" ಅಂದಳು.

ಒಳಗೆ ಡಾಕ್ಟರು ಅವಳ ಮುಂದೆಯೇ ಹೇಳಿದರಂತೆ, ಕ್ಯಾನ್ಸರ್ ಇದೆ. ಗ್ರಂಥಿಯ ಒಳಗೇ ಇದೆ, ಹೊರಗೆ ದಾಟಿಲ್ಲ. ಚಿಕಿತ್ಸೆ ಇದೆ, ಗುಣವಾಗುವ ನಂಬಿಕೆಯೂ ಇದೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಈ ಮಾತು ಹೇಳುತ್ತಿದ್ದೆನೋ ಇಲ್ಲವೋ ಎಂದರಂತೆ. ಸೊಸೆ ಹೊರಗೆ ಬಂದು ನನಗೆ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಮುಂದಿನ ತಾರೀಕು ಬರೆಸಲು ಕೌಂಟರಿಗೆ ಹೋದಳು. ಕಣ್ಣು ಒರೆಸಿಕೊಂಡಿದ್ದು ಗೊತ್ತಾಗುತ್ತಿತ್ತು.

ಬೀಗರು ಹೊರಗೆ ಬಂದು ಬೆಂಚಿನ ಒಂದು ತುದಿಯಲ್ಲಿ ಕೂತರು. ನಾನು ಇನ್ನೊಂದು ತುದಿಯಲ್ಲಿದ್ದೆ. ನಡುವೆ ಇಬ್ಬರು ಕೂರುವಷ್ಟು ಜಾಗ. ಹೆಣ್ಣು ನೋಡಲು ಹೋಗಿ ಮೊದಲ ಸಲ ಭೇಟಿಯಾದ ದಿನವೂ ಅಷ್ಟು ದೂರ ಕೂತಿರಲಿಲ್ಲ. ಅವರು ಎದುರಿನ ಗೋಡೆ ನೋಡುತ್ತಿದ್ದರು. ನಾನೂ ಅದೇ ಗೋಡೆ ನೋಡಿದೆ.

"ಮಾತು ಮುರದ್ರಿ" ಅಂದರು ಬೀಗರು.

"ಮುರದೆ."

"ಇನ್ನ ನಿಮಗ ನಾ ಏನೂ ಹೇಳಂಗಿಲ್ಲ."

"ಆಗ್ಲಿರಿ."

ಮಡಿಲಲ್ಲಿದ್ದ ಫೈಲಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. ಆಮೇಲೆ ಗೋಡೆಗೇ ಹೇಳುವ ಹಾಗೆ ಹೇಳಿದರು.

"ನನಗ ಗೊತ್ತಿತ್ತು ಬೀಗರ. ಮೊದಲ ದಿನಾನ ಆ ಗುಳಿಗಿ ಬರದ ದೊಡ್ಡ ಡಾಕ್ಟ್ರು ಹೇಳಿದ್ರು. ಆರು ತಿಂಗಳಿಗೆ ಬಾ, ನಂಬರು ಅರ್ಧ ಆಗಿರಬೇಕು, ಆಗದಿದ್ರ ಮುಂದಿನ ಪರೀಕ್ಷಿ ಮಾಡೋಣು ಅಂತ. ಆರು ಬಂದಿದ್ದು ನೋಡಿದ ಕೂಡ್ಲೆ ಗೊತ್ತಾತು. ಚೀಟಿ ಮಡಚಿ ಕಿಸೇಕ ಹಾಕ್ಕೊಂಡೆ. ನೀವು ಬಂದು ಲೆಕ್ಕ ಹೇಳುವಾಗ, ಇವರು ಸುಮ್ಮನಾದ್ರ ಸಾಕಪ್ಪ ಅನಸ್ತಿತ್ತು."

"ಮತ್ತ ನನಗ ಯಾಕ ಗುಳಿಗಿ ಕಳಿಸ್ತಿದ್ರಿ?" ಎಂದು ಕೇಳಿದೆ.

"ಮೊದಲು ನಿಮ್ಮ ತ್ರಾಸ ನೋಡಿ ಕೊಟ್ಟೆ." ಅಂದರು. "ಆಮ್ಯಾಲ, ಒಬ್ಬನ ನುಂಗಾಕ ಹೆದರಿಕಿ ಆಗ್ತಿತ್ತು. ಅಲ್ಲಿ ಕೊಟ್ಟೂರಾಗ ಒಬ್ಬಾತ ನನ್ನಂಗ ನುಂಗ್ತಾನ, ಆರಾಮ ಅದಾನ ಅಂತ ನೆನಸ್ಕೊಂಡ್ರ, ಗುಳಿಗಿ ಕೆಳಗ ಇಳೀತಿತ್ತು."

ನಾನು ಬೆಂಚಿನ ಮೇಲೆ ಸರಿದು ಅವರ ಪಕ್ಕಕ್ಕೆ ಕೂತೆ. ಅವರು ಬೇಡ ಅನ್ನಲಿಲ್ಲ.

"ಇದನ್ನ ನನ್ನ ಮಗಳಿಗಿ ಹೇಳಬ್ಯಾಡ್ರಿ. ನನಗ ಗೊತ್ತಿತ್ತು ಅನ್ನೋದನ್ನ."

"ಹೇಳ್ತೀನ್ರಿ" ಅಂದೆ.

ಮೊದಲ ಸಲ ತಿರುಗಿ ನನ್ನ ಮುಖ ನೋಡಿದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಫೈಲನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು. "ಹಂಗಾರ ನೀವ ಹೇಳ್ರಿ. ನನಗ ಆಕಿ ಮುಖ ನೋಡಿ ಹೇಳಾಕ ಬರಂಗಿಲ್ಲ."

ಸೊಸೆ ಚೀಟಿ ಹಿಡಿದು ಕೌಂಟರಿನಿಂದ ನಮ್ಮ ಕಡೆ ಬರುತ್ತಿದ್ದಳು. ನಾನು ಎದ್ದು ನಿಂತೆ.